ಎರಡು ಭರಣಿ ರಂಜಕ

ಏನಾಗಿರಬಹುದು, ಹೇಳಿ ನೋಡೋಣ.

ಎರಡು ಭರಣಿ. ಎರಡರಲ್ಲೂ ರಂಜಕ. ಒಂದೇ ಸಂತೆಯಲ್ಲಿ ಕೊಂಡ ಮೆಣಸಿನಕಾಯಿ, ಒಂದೇ ಒರಳು, ಒಂದೇ ಉಪ್ಪು. ಒಂದು ಭರಣಿ ಬೀಗ ಹಾಕಿದ ಕೋಣೆಯಲ್ಲಿ ಏಳು ವಾರ ಇತ್ತು. ಅದನ್ನು ಇಲಿಯೂ ಮೂಸಲಿಲ್ಲ. ಇನ್ನೊಂದು, ಹತ್ತು ಜನ ಓಡಾಡುವ ಅಡಿಗೆಮನೆಯ ಮೂಲೆಯಲ್ಲಿ ಇತ್ತು. ಅದರ ಬಾಯಿಗೆ ಕಟ್ಟಿದ ಗಂಟನ್ನು ಯಾರೋ ಗುಟ್ಟಾಗಿ ಬಿಚ್ಚುತ್ತಿದ್ದರು, ಒಂದು ಸಲವಲ್ಲ, ಹಲವು ಸಲ. ಏಳು ವಾರದ ಮೇಲೆ ನೋಡಿದರೆ ಒಂದು ಭರಣಿ ಕೆಟ್ಟಿತ್ತು.

ಯಾವುದು ಅಂತ ಹೇಳುವುದು ಸುಲಭ ಅನ್ನುತ್ತೀರಾ? ಸರಿ ಬಿಡಿ. ಇದು ಗುರು-ಶಿಷ್ಯರ ಕಥೆ ಎಂದ ಕೂಡಲೇ ನೀವು ಬೀಗದ ಕಡೆಗೇ ಬೆರಳು ತೋರಿಸುತ್ತೀರಿ, ನನಗೆ ಗೊತ್ತು. ಹಾಗಾದರೆ ಇದನ್ನು ಹೇಳಿ. ಅದು ಕೆಟ್ಟದ್ದು ಯಾವತ್ತು?

ಅವಸರವಿಲ್ಲ. ಯೋಚಿಸುತ್ತಿರಿ. ನಾನು ಮೊದಲಿನಿಂದ ಹೇಳಿಕೊಂಡು ಬರುತ್ತೇನೆ.

ಹೊಳೆದಂಡೆಯ ಮೇಲೊಂದು ಸಣ್ಣ ಮಠ. ಗುರುಪಾದಜ್ಜ ಅಲ್ಲಿಯ ಗುರು. ಯಾರು ಬಂದರೂ ಊಟ ಉಂಟು. ಜೋಳದ ರೊಟ್ಟಿ, ಮಜ್ಜಿಗೆ, ತಾಟಿನ ಅಂಚಿಗೆ ಒಂದು ಚೂರು ರಂಜಕ.

ರಂಜಕ ತಿಂದು ಗೊತ್ತಿಲ್ಲದವರಿಗೆ ಒಂದು ಮಾತು. ಗಿಡದಲ್ಲೇ ಕೆಂಪಾದ, ಆದರೆ ಇನ್ನೂ ಒಣಗದ ಹಸಿ ಮೆಣಸಿನಕಾಯಿಯನ್ನು ಉಪ್ಪು, ಬೆಳ್ಳುಳ್ಳಿ, ಮೆಂತ್ಯದ ಪುಡಿ, ಲಿಂಬೆರಸ ಹಾಕಿ ಕುಟ್ಟಿ ಭರಣಿಗೆ ತುಂಬುತ್ತಾರೆ. ಚಳಿಗಾಲದಲ್ಲಿ ಒಮ್ಮೆ ಮಾಡಿಟ್ಟರೆ ವರ್ಷದ ಚಿಂತೆ ಇಲ್ಲ. ಬಿಸಿ ರೊಟ್ಟಿ, ಅದರ ಮೇಲೆ ಬೆರಳಷ್ಟು ರಂಜಕ, ಅದರ ಮೇಲೆ ಒಂದು ಚಮಚ ಹಸಿ ಎಣ್ಣೆ... ಇರಲಿ, ಕಥೆ ಅಡ್ಡದಾರಿ ಹಿಡಿಯುತ್ತದೆ.

ಶಿಷ್ಯನ ಹೆಸರು ಅಡಿವೆಯ್ಯ. ಮೂವತ್ತೈದರ ಗಂಡಸು. ಮಠಕ್ಕೆ ಬರುವ ಮುಂಚೆ ಹನ್ನೊಂದು ವರ್ಷ ಮೆಣಸಿನಕಾಯಿ ಪೇಟೆಯಲ್ಲಿ ತೂಕ ಮಾಡುತ್ತಿದ್ದ. ಚೀಲಕ್ಕೆ ನೀರು ಚಿಮುಕಿಸಿದವರನ್ನು, ನಡುವೆ ಕೊಳೆತ ಕಾಯಿ ತುರುಕಿದವರನ್ನು, ತಕ್ಕಡಿಗೆ ಮೆಲ್ಲಗೆ ಮೊಣಕಾಲು ಕೊಟ್ಟವರನ್ನು ಹಿಡಿಯುವುದೇ ಅವನ ಕೆಲಸ. ಪೇಟೆಯನ್ನು ಬಿಟ್ಟು ಬಂದ. ಆ ಕಣ್ಣನ್ನು ಮಾತ್ರ ಜೊತೆಗೇ ತಂದ.

ಇನ್ನೊಬ್ಬಳು ಕಲ್ಲವ್ವ. ಇಪ್ಪತ್ತೆಂಟು ವರ್ಷದಿಂದ ಮಠದ ಒಲೆ ಅವಳ ಕೈಯಲ್ಲಿ. ಅವಳಿಗೆ ಬೇರೆ ಮನೆ ಇರಲಿಲ್ಲ.

ಹಿಂದಿನ ವರ್ಷದ ರಂಜಕ ಯುಗಾದಿಗೂ ಮುಂಚೆ ಖಾಲಿಯಾಗಿತ್ತು. ಅಡಿವೆಯ್ಯ ಅದನ್ನು ಮರೆತಿರಲಿಲ್ಲ.

“ಅಜ್ಜಾರ, ಹೋದ ವರ್ಷದ ರಂಜಕ ಎಲ್ಲಿ ಹೋತು?”

“ಹೊಟ್ಟ್ಯಾಗ ಹೋತು.”

“ಯಾರ ಹೊಟ್ಟ್ಯಾಗ್ರಿ?”

“ಹಸದವರ ಹೊಟ್ಟ್ಯಾಗ.”

“ಲೆಕ್ಕಕ್ಕ ಬರೂದಿಲ್ರಿ. ಯಾರೋ ಕೈ ಹಾಕ್ಯಾರ.”

ಗುರುಪಾದಜ್ಜ ಗಡ್ಡ ಕೆರೆದುಕೊಂಡರು. “ಹಂಗಾದ್ರ ಈ ವರ್ಷ ನೀನ ಮಾಡು. ಕೊಳ್ಳೂದು, ಕುಟ್ಟೂದು, ಕಾಯೂದು ಎಲ್ಲಾ ನಿಂದ. ಶಿವರಾತ್ರಿ ಮರುದಿನ ಉಪವಾಸ ಬಿಡಾವ್ರಿಗೆ ಎರಡೂ ಭರಣಿ ತಗದು ಬಡಸೋಣು.”

ಅಡಿವೆಯ್ಯನಿಗೆ ಖುಷಿಯಾಯಿತು. ಆದರೆ ಎರಡು ಹೆಜ್ಜೆ ಹೋಗಿ ನಿಂತ. ಇಷ್ಟು ಸುಲಭವಾಗಿ ಯಾಕೆ ಕೊಟ್ಟರು?

ಸಂತೆಯ ದಿನ ಇಬ್ಬರೂ ಹೊರಟರು.

ದಾರಿಯಲ್ಲಿ ಗುರುಗಳು ಹೇಳಿದರು: “ತೊಟ್ಟು ನೋಡು. ಹಸರ ಇರಬೇಕು, ಬಿಗಿ ಇರಬೇಕು. ಸಿಪ್ಪಿ ಮಿಂಚಬೇಕು. ಬೆರಳಿಂದ ಒತ್ತಿದ್ರ ಪುಟಿದು ಬರಬೇಕು. ಸಾಕು.”

“ಒಳಗ ನೋಡಬಾರದೇನ್ರಿ?”

“ಒಳಗಿಂದು ತೊಟ್ಟು ಹೇಳತೈತಿ.”

“ತೊಟ್ಟು ಸುಳ್ಳು ಹೇಳಿದ್ರ?”

ಸಂತೆ ಬಂತು. ಗುರುಗಳು ಒಂದು ಬೇವಿನ ನೆರಳು ಹಿಡಿದು ಕುಳಿತುಬಿಟ್ಟರು.

ತಿಪ್ಪವ್ವ ಎಂಬವಳು ತನ್ನ ಹೊಲದ ಕಾಯಿಯನ್ನೇ ತಟ್ಟಿನ ಮೇಲೆ ರಾಶಿ ಹಾಕಿಕೊಂಡು ಕುಳಿತಿದ್ದಳು. ಬೆಳಗಿನ ಬಿಸಿಲಿಗೆ ಆ ರಾಶಿ ಕೆಂಡದ ಹಾಗೆ ಕಾಣುತ್ತಿತ್ತು. ಅಡಿವೆಯ್ಯ ಕುಕ್ಕರುಗಾಲಲ್ಲಿ ಕುಳಿತ. ಒಂದು ಕಾಯಿ ಎತ್ತಿದ, ಮೂಸಿದ, ಬಿಸಿಲಿಗೆ ಹಿಡಿದ. ಲಟಕ್ಕನೆ ತೊಟ್ಟು ಮುರಿದು ಒಳಗೆ ಇಣುಕಿದ.

ಇನ್ನೊಂದು. ಲಟಕ್.

ಮತ್ತೊಂದು. ಲಟಕ್.

“ಅಯ್ಯಾರ,” ಅಂದಳು ತಿಪ್ಪವ್ವ, “ಕಾಯಿ ಕೊಳ್ಳಾಕ ಬಂದೀರೋ, ಹೆಣ್ಣ ನೋಡಾಕ ಬಂದೀರೋ?”

ಪಕ್ಕದ ಬದನೆಕಾಯಿಯವಳು ಬಾಯಿಗೆ ಸೆರಗು ಹಚ್ಚಿಕೊಂಡಳು.

“ಮ್ಯಾಲಿಂದು ಛಲೋ ಐತಿ,” ಅಂದ ಅಡಿವೆಯ್ಯ. “ಅಡಿಯಾಗ ಏನೈತಿ?”

“ತಟ್ಟು ಐತ್ರಿ. ತಟ್ಟಿನ ಅಡಿಯಾಗ ಭೂಮಿ.”

ಅವನು ನಗಲಿಲ್ಲ. ರಾಶಿಯ ಬುಡಕ್ಕೆ ಮೊಣಕೈವರೆಗೆ ಕೈ ತೂರಿಸಿ ತಳದ ಕಾಯಿ ಎಳೆದು ನೋಡಿದ. ತಳದ ಕಾಯಿಯೂ ಬಿಗಿಯಾಗಿತ್ತು. ಅವನಿಗೆ ಯಾಕೋ ಬೇಸರವೇ ಆಯಿತು.

ತೂಕ ಮುಗಿಯಿತು. ಚೀಲದ ಬಾಯಿ ಕಟ್ಟುವ ಮುಂಚೆ ತಿಪ್ಪವ್ವ ಎರಡೂ ಕೈ ಜೋಡಿಸಿ ಒಂದು ಬೊಗಸೆ ಕಾಯಿ ಮೇಲೆ ಸುರಿದಳು.

“ಇದೇನು?”

“ಕೊಸರ್ರಿ. ಮಠಕ್ಕ.”

“ನಾ ಕೇಳಲಿಲ್ಲಲ್ಲ?”

“ಕೇಳಿದ ಮ್ಯಾಲ ಕೊಟ್ರ ಅದು ಕೊಸರ ಹೆಂಗಾತ್ರಿ?”

ಅಡಿವೆಯ್ಯ ಅವಳ ಮುಖ ನೋಡಿದ. ಪೇಟೆಯಲ್ಲಿ ಸುಮ್ಮನೆ ಕೊಟ್ಟದ್ದರಲ್ಲಿ ಯಾವತ್ತೂ ಏನೋ ಇರುತ್ತಿತ್ತು. ಆ ಬೊಗಸೆ ಕಾಯಿಯನ್ನು ಅವನು ಚೀಲದಿಂದ ತೆಗೆದು ನೆಲದ ಮೇಲೆ ಸುರಿದ. ಒಂದೊಂದನ್ನೇ ಹೊರಳಿಸಿದ. ಹುಳುಕಿಲ್ಲ. ಕಲೆಯಿಲ್ಲ.

ಏನೂ ಸಿಗಲಿಲ್ಲವಲ್ಲ, ಅದಕ್ಕೇ ಅವನ ಅನುಮಾನ ಇನ್ನೂ ಹೆಚ್ಚಾಯಿತು.

ಆ ಕಾಯಿಗಳನ್ನು ಬೇರೆಯೇ ಒಂದು ಅರಿವೆಯಲ್ಲಿ ಗಂಟು ಕಟ್ಟಿಕೊಂಡ. ತಿಪ್ಪವ್ವನ ನಗೆ ಅಷ್ಟರಲ್ಲಿ ಆರಿತ್ತು. ಅವಳು ಮುಂದಿನ ಗಿರಾಕಿಯ ಕಡೆ ತಿರುಗಿ ಕುಳಿತಳು.

ಬೇವಿನ ನೆರಳಿನಿಂದ ಎಲ್ಲ ನೋಡುತ್ತಿದ್ದ ಗುರುಗಳು ಎದ್ದರು. “ಆತೇನು?”

“ಆತ್ರಿ. ಮೋಸ ಹೋಗಲಿಲ್ಲ.”

“ಹ್ಞಾಂ,” ಅಂದರು ಗುರುಗಳು.

ಮಠದಲ್ಲಿ ಕಲ್ಲವ್ವ ನೀರು ತುಂಬಿಟ್ಟುಕೊಂಡು ಕಾಯುತ್ತಿದ್ದಳು. ಚೀಲ ಸುರಿದದ್ದೇ ಅವಳ ಹುಬ್ಬು ಮೇಲೆ ಹೋಯಿತು.

“ಅಯ್ಯಾರ, ಇಷ್ಟೊಂದು ಕಾಯಿ ತೊಟ್ಟು ಯಾಕ ಮುರದಾವು?”

“ಪರೀಕ್ಷಾ ಮಾಡೀನಿ.”

“ತೊಟ್ಟಿದ್ದಂಗ ತೊಳೀಬೇಕ್ರಿ. ತೊಳದು, ನೆರಳಿಗೆ ಅರಿವ್ಯಾಗ ಹರವಿ, ಒಂದು ಹನಿ ನೀರು ಇಲ್ಲದಂಗ ಆರಿಸಿ, ಆಮ್ಯಾಲ ತೊಟ್ಟು ತಗೀಬೇಕು. ಮೊದಲ ಮುರದ್ರ ನೀರು ಒಳಗ ಹೋಗಿ ಕೂಡತೈತಿ. ಅಂಥಾವು ಭರಣಿಗೆ ಬ್ಯಾಡ. ಇವತ್ತ ಹುರದು ಚಟ್ನಿ ಮಾಡತೀನಿ.”

ಎರಡು ಮುಷ್ಟಿ ಮುರಿದ ಕಾಯಿ ಆವತ್ತು ಹಂಚಿನ ಮೇಲೆ ಹೋದವು. ಎಣ್ಣೆ ಬಿಟ್ಟು ಹುರಿದು, ಶೇಂಗಾ ಸೇರಿಸಿ ಅರೆದಳು. ಎಲ್ಲರೂ ಕೆಮ್ಮಿದರು, ಎಲ್ಲರೂ ಎರಡೆರಡು ಸಲ ಹಾಕಿಸಿಕೊಂಡರು. ಅಡಿವೆಯ್ಯ ಮಾತ್ರ ಯಾರು ಎಷ್ಟು ಹಾಕಿಸಿಕೊಂಡರು ಅಂತ ನೋಡುತ್ತ ಕುಳಿತ.

“ಈ ಗಂಟಿನ್ಯಾಗ ಏನೈತ್ರಿ?” ಕಲ್ಲವ್ವ ಕೇಳಿದಳು.

“ಅನುಮಾನದ ಕಾಯಿ. ಸುಮ್ನ ಕೊಟ್ಟಾಳ.”

ಕಲ್ಲವ್ವ ಬಿಚ್ಚಿ ನೋಡಿದಳು. “ಚೀಲದಾಗಿನ ಕಾಯಿಗಿಂತ ಇವ ಛಲೋ ಅದಾವಲ್ರಿ.”

“ಹಂಗಾದ್ರ ನಿಮ್ಮ ಅಡಿಗಿಮನಿ ಭರಣಿಗೆ ಹಾಕೊ. ನನ್ನ ಭರಣಿಗೆ ಬ್ಯಾಡ.”

ಹೀಗೆ ಮಠದ ರಂಜಕ ಮೊದಲ ಸಲ ‘ನಿಮ್ಮದು’, ‘ನನ್ನದು’ ಎಂದು ಎರಡಾಯಿತು.

ಎರಡು ದಿನ ಬಿಟ್ಟು ಕುಟ್ಟಿದರು. ಅಡಿವೆಯ್ಯ ಒಂದೊಂದನ್ನೇ ಬಿಸಿಲಿಗೆ ಹಿಡಿದು ಆರಿಸಿದ ಕಾಯಿಯೆಲ್ಲ ಒಂದು ಭರಣಿಗೆ. ಆ ಭರಣಿ ಅವನ ಕೋಣೆಗೆ, ಕೋಣೆಗೆ ಬೀಗ, ಬೀಗದ ಕೈ ಅವನ ಉಡಿದಾರಕ್ಕೆ. ಉಳಿದ ಕಾಯಿ, ಕೊಸರಿನ ಸಮೇತ, ಇನ್ನೊಂದು ಭರಣಿಗೆ. ಅದು ಅಡಿಗೆಮನೆಯ ಮೂಲೆಗೆ.

ಎರಡರ ಬಾಯಿಗೂ ಬಿಳಿ ಅರಿವೆ ಹೊದಿಸಿ ತಾನೇ ದಾರ ಬಿಗಿದ. ಅದು ಎಡಗೈ ಗಂಟು. ಪೇಟೆಯಲ್ಲಿ ತೂಕದವರು ಚೀಲಕ್ಕೆ ಹಾಕುವಂಥದು. ದಾರದ ತುದಿ ಎಡಕ್ಕೆ ಮಲಗಿರುತ್ತದೆ. ಗೊತ್ತಿಲ್ಲದವನು ಬಿಚ್ಚಿ ಕಟ್ಟಿದರೆ ತುದಿ ಬಲಕ್ಕೆ ಬೀಳುತ್ತದೆ. ಕಳ್ಳನಿಗೆ ತಾನು ಸಿಕ್ಕಿಬಿದ್ದದ್ದು ಗೊತ್ತೇ ಆಗುವುದಿಲ್ಲ. ಬಲು ಚಂದದ ಉಪಾಯ, ಅಲ್ಲವೇ? ನನಗಂತೂ ಇದನ್ನು ಮೊದಲು ಕೇಳಿದಾಗ ಒಂದು ದಾರ ತಂದು ಕಟ್ಟಿ ನೋಡುವ ಮನಸ್ಸಾಗಿತ್ತು.

ಮೂರನೆಯ ದಿನ ಕಲ್ಲವ್ವ ಒಂದು ಒಣ ಕಟ್ಟಿಗೆಯ ಹುಟ್ಟು ಹಿಡಿದುಕೊಂಡು ಅವನ ಕೋಣೆಯ ಬಾಗಿಲಿಗೆ ಬಂದಳು.

“ಅಯ್ಯಾರ, ಬಾಗಲಾ ತಗೀರಿ. ರಂಜಕ ತಿರುವಬೇಕು.”

“ತಿರುವೂದಂದ್ರ?”

“ಮ್ಯಾಲಿಂದು ಕೆಳಗ, ಕೆಳಗಿಂದು ಮ್ಯಾಲ. ಮೂರು ದಿನಕ್ಕೊಮ್ಮೆ. ಉಪ್ಪಿನ ರಸ ತಳದಾಗ ನಿಂದ್ರತೈತಿ. ಮ್ಯಾಲಿಂದು ಒಣಗಿ ಬೂಸ್ಟ ಹಿಡೀತೈತಿ.”

“ಹನ್ನೊಂದು ವರ್ಷ ಮೆಣಸಿನಕಾಯಿ ಜೋಡಿ ಬಾಳೆ ಮಾಡೀನಿ, ಇದನ್ನ ಯಾರೂ ಹೇಳಿಲ್ಲ.”

“ಅವು ಒಣಾ ಕಾಯಿ ಇದ್ದುವ್ರಿ. ಇವು ಹಸಿ. ಹಸೀದನ್ನ ಮಾತಾಡಸ್ತಾ ಇರಬೇಕು.”

ಅಡಿವೆಯ್ಯ ಅವಳ ಕೈಯ ಹುಟ್ಟು ನೋಡಿದ. ಅಗಲವಾದ ಹುಟ್ಟು. ಒಮ್ಮೆ ಅದ್ದಿ ತೆಗೆದರೆ ಅರ್ಧ ಬಟ್ಟಲು ರಂಜಕ ಬರುತ್ತದೆ. ಮೂರು ದಿನಕ್ಕೊಮ್ಮೆ ಅರ್ಧ ಬಟ್ಟಲು.

ಹೋದ ವರ್ಷದ ಲೆಕ್ಕ ಅವನಿಗೆ ಸಿಕ್ಕಿಬಿಟ್ಟಿತು.

“ಬ್ಯಾಡ,” ಅಂದ. “ಎರಡೂ ಭರಣಿ ಶಿವರಾತ್ರಿಗೇ ಬಿಚ್ಚೂದು. ಅಲ್ಲೀತನಕಾ ಯಾರೂ ಮುಟ್ಟಬಾರದು. ಅಡಿಗಿಮನೀದೂ ಮುಟ್ಟಬಾರದು.”

“ಕೆಡತೈತ್ರಿ.”

“ಕೆಟ್ರ ನಂದು ಕೆಡತೈತಿ. ಕಳುವಾದ್ರ ಮಠದ್ದು ಕಳುವಾಗತೈತಿ.”

ಕಲ್ಲವ್ವ ಹುಟ್ಟನ್ನು ಸೆರಗಿನಲ್ಲಿ ಒರೆಸಿದಳು, ಅದು ಒಣಗಿಯೇ ಇದ್ದರೂ. ತಿರುಗಿ ಹೋದಳು.

ಏಳನೆಯ ದಿನ ಅಡಿವೆಯ್ಯ ಹೊಳೆಯಲ್ಲಿ ಸ್ನಾನ ಮಾಡಿ ಬಂದು ಅಡಿಗೆಮನೆಯ ಭರಣಿ ನೋಡಿದ.

ದಾರದ ತುದಿ ಬಲಕ್ಕೆ ಬಿದ್ದಿತ್ತು.

ಅವನು ಕೂಗಲಿಲ್ಲ. ಯಾರನ್ನೂ ಕೇಳಲಿಲ್ಲ. ಮೆಲ್ಲಗೆ ಗಂಟು ಬಿಚ್ಚಿ ಮತ್ತೆ ಎಡಕ್ಕೆ ಕಟ್ಟಿದ. ನಿಜ ಹೇಳಬೇಕೆಂದರೆ ಅವನಿಗೆ ಆದದ್ದು ಸಿಟ್ಟಲ್ಲ, ಸಂತೋಷ. ತನ್ನ ಅನುಮಾನ ಸರಿಯಾಗಿತ್ತಲ್ಲ!

ಮೂರು ದಿನಕ್ಕೆ ಮತ್ತೆ ಬಲಕ್ಕೆ. ಇನ್ನು ಮೂರು ದಿನಕ್ಕೆ ಮತ್ತೆ.

ಆಮೇಲೆ ಮಠದಲ್ಲಿ ಅವನ ಕಣ್ಣಿಗೆ ಕಂಡದ್ದೆಲ್ಲ ಬೇರೆಯೇ. ತೋಟದ ಈರಪ್ಪ ಒಂದು ರೊಟ್ಟಿ ಹೆಚ್ಚು ತಿಂದ. ಯಾಕೆ? ಹಾಲು ತರುವವಳ ಚರಿಗೆಗೆ ಎರಡು ದಿನದಿಂದ ಮುಚ್ಚಳ ಬಂದಿದೆ. ಯಾಕೆ? ಕಲ್ಲವ್ವ ತನ್ನನ್ನು ಕಂಡು ಹಾಡು ನಿಲ್ಲಿಸಿದಳು. ಯಾಕೆ? ಕೊನೆಗೆ ಅಟ್ಟದ ಬೆಕ್ಕು ಸೀನಿದರೂ ಅವನು ತಿರುಗಿ ನೋಡುತ್ತಿದ್ದ.

ಈ ಅನುಮಾನ ಹುರಿದ ಮೆಣಸಿನಕಾಯಿಯ ಘಾಟಿನ ಹಾಗೆ. ಒಲೆ ಒಂದೇ ಕಡೆ ಇರುತ್ತದೆ, ಕೆಮ್ಮು ಎಲ್ಲ ಕೋಣೆಯಲ್ಲೂ ಕೇಳುತ್ತದೆ. ಈರಪ್ಪ ತನ್ನ ಕುಡುಗೋಲನ್ನು ದಿಂಬಿನ ಕೆಳಗೆ ಇಟ್ಟುಕೊಳ್ಳತೊಡಗಿದ. ಹಾಲಿನವಳು ಚರಿಗೆಯನ್ನು ಹೊಸ್ತಿಲ ಹೊರಗೇ ಇಟ್ಟು, ಅಳೆದು ಕೊಟ್ಟು, ಮಾತಾಡದೆ ಹೋಗತೊಡಗಿದಳು.

ಅಡಿವೆಯ್ಯ ಗುರುಗಳ ಬಳಿ ಹೋದ. ಅವರು ಕಟ್ಟೆಯ ಮೇಲೆ ಕುಳಿತಿದ್ದರು. ಬಲಗಣ್ಣು ಸ್ವಲ್ಪ ಕೆಂಪಾಗಿತ್ತು. ಒಲೆಯ ಹೊಗೆ ಇರಬೇಕು ಅಂದುಕೊಂಡ.

“ಅಜ್ಜಾರ, ಮಠದಾಗ ಕಳ್ಳ ಅದಾನ.”

“ಹೌದೇನು?”

“ಹೆಂಗ ಹಿಡೀಬೇಕ್ರಿ?”

“ಹುಡಕಿದ್ರ ಸಿಗತಾನ.”

“ಯಾರು ಸಿಗತಾರ್ರಿ?”

“ಯಾರನ್ನ ಹುಡಕತೀಯೋ ಅವರು.”

ಅಡಿವೆಯ್ಯನಿಗೆ ಅದು ಆಶೀರ್ವಾದದ ಹಾಗೆ ಕೇಳಿಸಿತು.

ಶಿವರಾತ್ರಿ ಬಂತು, ಹೋಯಿತು. ಮರುದಿನ ಬೆಳಿಗ್ಗೆ ಉಪವಾಸ ಬಿಡಲು ಇಪ್ಪತ್ತು ಜನ ಪಂಕ್ತಿಯಲ್ಲಿ ಕುಳಿತರು. ಕಲ್ಲವ್ವ ಬಿಸಿ ರೊಟ್ಟಿ ತಂದಿಟ್ಟಳು. ಎಣ್ಣೆಗಾಯಿಯ ಬದನೆ ಒಲೆಯ ಮೇಲೆ ಕುದಿಯುತ್ತಿತ್ತು. ಅದಕ್ಕೆ ಕೊನೆಗೆ ಒಂದು ಸೌಟು ಹೊಸ ರಂಜಕ ಬೀಳಬೇಕು.

ಅಡಿವೆಯ್ಯ ನಡುವೆ ನಿಂತ.

“ಊಟಕ್ಕ ಮೊದಲ ಒಂದು ಮಾತೈತಿ. ಅಡಿಗಿಮನಿ ಭರಣಿ ಗಂಟು ಏಳು ವಾರದಾಗ ಹದಿನೈದು ಸಲ ಬಿಚ್ಚ್ಯಾರ. ಬಿಚ್ಚಿದವರು ಇಲ್ಲೇ ಅದಾರ. ಇವತ್ತ ಮುಂಜಾನಿನೂ ಬಿಚ್ಚ್ಯಾರ. ಹಸಿ ಖಾರ ಕೈಗೆ ಹತ್ತಿದ್ರ ಮೂರು ಸಲ ತೊಳದ್ರೂ ಹೋಗೂದಿಲ್ಲ. ಎಲ್ಲಾರೂ ಬಲಗೈ ಬೆರಳು ಕಣ್ಣಿಗೆ ಒತ್ತಿಕೋರಿ.”

“ಅಯ್ಯಾರ,” ಅಂದ ಈರಪ್ಪ, “ನಾ ಈಗ ಗೊಬ್ಬರಾ ಹೊತ್ತು ಬಂದೀನಿ. ಕಣ್ಣಿಗೆ ಹಚ್ಚಲೇಬೇಕೇನ್ರಿ?”

ಪಂಕ್ತಿ ನಕ್ಕಿತು. ಅಡಿವೆಯ್ಯ ನಗಲಿಲ್ಲ. ನಗು ತಾನೇ ನಿಂತಿತು.

ಒಬ್ಬೊಬ್ಬರಾಗಿ ಒತ್ತಿಕೊಂಡರು. ಈರಪ್ಪನ ಕಣ್ಣು ಉರಿಯಲಿಲ್ಲ. ಹಾಲಿನವಳದು ಉರಿಯಲಿಲ್ಲ. ಬಂದವರದೂ ಉರಿಯಲಿಲ್ಲ.

“ಕಲ್ಲವ್ವಾ.”

“ನಾ ಮೊದಲ ಹೇಳತೀನ್ರಿ ಅಯ್ಯಾರ. ನಂದು ಉರೀತೈತಿ. ಇಪ್ಪತ್ತೆಂಟು ವರ್ಷ ಆತು ಈ ಕೈ ಖಾರದಾಗ ಐತಿ. ಭರಣಿ ಮುಟ್ಟದಿದ್ರೂ ಉರೀತೈತಿ.”

“ಒತ್ತಿಕೋ.”

ಕಲ್ಲವ್ವ ಒತ್ತಿಕೊಂಡಳು. ಕಣ್ಣಿಂದ ನೀರು ಇಳಿಯಿತು. ಅದರಲ್ಲಿ ಖಾರದ್ದೆಷ್ಟು, ಉಳಿದದ್ದೆಷ್ಟು, ಯಾರಿಗೆ ಗೊತ್ತು.

“ನೋಡಿದ್ರೇನ್ರಿ ಅಜ್ಜಾರ? ಇಕಿ ಇನ್ನ ಮಠದ ಒಲಿ ಮುಂದ ಇರಬಾರದು.”

ಕಲ್ಲವ್ವ ಒಳಗೆ ಹೋದಳು. ಒಲೆಯ ಕೊಳ್ಳಿ ಹಿಂದಕ್ಕೆಳೆದ ಸದ್ದು ಕೇಳಿಸಿತು. ಬದನೆಕಾಯಿ ಹತ್ತಬಾರದಲ್ಲ. ಹೊರಗೆ ಬಂದಾಗ ಕಂಕುಳಲ್ಲಿ ಒಂದು ಗಂಟು ಇತ್ತು. ಇಪ್ಪತ್ತೆಂಟು ವರ್ಷದ್ದೆಲ್ಲ ಸೇರಿ ಒಂದು ಕುಂಬಳಕಾಯಿಯಷ್ಟು ಗಂಟು.

“ಬರತೀನ್ರಿ ಅಜ್ಜಾರ.”

“ನಿಲ್ಲವ್ವಾ,” ಅಂದರು ಗುರುಗಳು. “ಅಡಿವೆಯ್ಯಾ, ಎಲ್ಲಾರದೂ ಆತೇನು?”

“ಆತ್ರಿ.”

“ಒಂದು ಕೈ ಉಳೀತು.”

ಗುರುಗಳು ತಮ್ಮ ಬಲಗೈ ಬೆರಳನ್ನು ಬಲಗಣ್ಣಿಗೆ ಒತ್ತಿಕೊಂಡರು. ಒತ್ತಿ ಹಿಡಿದರು. ಕಣ್ಣು ಕೆಂಪಾಯಿತು. ನೀರು ಗಡ್ಡದೊಳಗೆ ಇಳಿಯಿತು.

“ಖಾರ ಛಲೋ ಕೂಡೈತಿ,” ಅಂದರು.

ಅಡಿವೆಯ್ಯ ನಿಂತಲ್ಲೇ ನಿಂತ. ಆದರೆ ನೋಡಿ, ಆಗಲೂ ಅವನ ಕಣ್ಣು ಸುಮ್ಮನಿರಲಿಲ್ಲ.

“ನೀವು ಆಕೀನ್ನ ಉಳಸಾಕ ಹಿಂಗ ಮಾಡತೀರಿ.”

“ಹಂಗಾದ್ರ ಒಂದು ದಾರ ಕೊಡು.”

ಯಾರೋ ದಾರ ಕೊಟ್ಟರು. ಗುರುಗಳು ಪಕ್ಕದ ನೀರಿನ ತಂಬಿಗೆಯ ಕುತ್ತಿಗೆಗೆ ಅದನ್ನು ಸುತ್ತಿ, ನಾಲಿಗೆ ಕಚ್ಚಿಕೊಂಡು, ಮಗುವಿನ ಹಾಗೆ ಶ್ರದ್ಧೆಯಿಂದ ಗಂಟು ಹಾಕಿದರು.

ತುದಿ ಬಲಕ್ಕೆ ಬಿತ್ತು.

“ನಿನ್ನ ಗಂಟು ನನಗ ಬರಲಿಲ್ಲ, ತಮ್ಮಾ. ಹದಿನೈದು ಸಲ ಕಟ್ಟೀನಿ. ಹದಿನೈದು ಸಲಾನೂ ತಪ್ಪೀನಿ.”

“ನೀವು... ಯಾಕ ಬಿಚ್ಚಿದ್ರಿ?”

“ತಿರುವಾಕ. ನೀ ಹೊಳಿಗೆ ಹೋದಾಗ.”

“ನನಗ ಯಾಕ ಹೇಳಲಿಲ್ರಿ?”

“ಹೇಳಿದ್ನಲ್ಲ. ಮೂರನೇ ದಿನ ಹುಟ್ಟು ಕೊಟ್ಟು ಕಲ್ಲವ್ವನ್ನ ಕಳಿಸಿದ್ದು ನಾನ. ನೀ ಆಕಿ ಮಾತು ಕೇಳಲಿಲ್ಲ, ಹುಟ್ಟಿನ ಅಗಲ ನೋಡಿದಿ.”

“ಆಮ್ಯಾಲರೆ ಹೇಳಬಹುದಿತ್ತು. ಗಂಟು ಬಿಚ್ಚಿದ್ದು ನನಗ ಗೊತ್ತಾಗಿತ್ತು.”

“ಯಾರು ಬಿಚ್ಚಿದ್ರಿ ಅಂತ ನೀ ಕೇಳಿದ್ರ, ನಾ ಅಂತ ಹೇಳತಿದ್ದೆ. ನೀ ಯಾರನ್ನೂ ಕೇಳಲಿಲ್ಲ. ಎಲ್ಲಾರನ್ನೂ ನೋಡಿದಿ.”

ಗುರುಗಳು ಪಂಕ್ತಿಯ ಕಡೆ ತಿರುಗಿದರು. “ಮಂದಿ ಹಸದಾರ. ಎರಡೂ ಭರಣಿ ತಗೊಂಡ ಬಾ.”

ಅಡಿಗೆಮನೆಯ ಭರಣಿ ಬಿಚ್ಚಿದರು. ಒಳಗೆ ಕೆಂಪು. ಮೇಲೆ ಎಣ್ಣೆಯಂತೆ ಹೊಳೆಯುವ ರಸ, ಬೆಳ್ಳುಳ್ಳಿ ಮೆಂತ್ಯ ಕೂಡಿದ ಹುಳಿಯ ವಾಸನೆ. ಪಂಕ್ತಿಯ ಆ ತುದಿಯವನೂ ಬಾಯಲ್ಲಿ ನೀರು ನುಂಗಿದ.

ಬೀಗದ ಕೋಣೆಯ ಭರಣಿ ಬಂತು. ಗಂಟು ಎಡಕ್ಕೇ ಇತ್ತು, ಕಟ್ಟಿದ ದಿನ ಇದ್ದ ಹಾಗೆಯೇ. ಯಾರೂ ಮುಟ್ಟಿರಲಿಲ್ಲ. ಅಡಿವೆಯ್ಯ ಬಿಚ್ಚಿದ.

ಮೇಲೆ ನಾಲ್ಕು ಬೆರಳು ದಪ್ಪ ಬಿಳಿ ಬೂಸ್ಟು, ಹಳೆಯ ಕಂಬಳಿಯ ಹಾಗೆ. ಅದರ ಕೆಳಗೆ ಕಪ್ಪು. ವಾಸನೆಗೆ ಈರಪ್ಪ ಮುಖ ತಿರುಗಿಸಿದ.

ಆರಿಸಿದ ಕಾಯಿ. ಒಂದೊಂದನ್ನೂ ಬಿಸಿಲಿಗೆ ಹಿಡಿದು ನೋಡಿದ ಕಾಯಿ.

ಅಡಿವೆಯ್ಯ ಭರಣಿಯ ಮುಂದೆ ಕುಳಿತುಬಿಟ್ಟ. ಸ್ವಲ್ಪ ಹೊತ್ತಿಗೆ ಎದ್ದು ಕಲ್ಲವ್ವನ ಮುಂದೆ ನಿಂತ. ಪಂಕ್ತಿಯೆಲ್ಲ ನೋಡುತ್ತಿತ್ತು.

“ಕಲ್ಲವ್ವಾ, ತಪ್ಪಾತು.”

ಅವಳ ಒಂದು ಕಣ್ಣು ಇನ್ನೂ ಕೆಂಪಾಗಿತ್ತು. ಕಂಕುಳ ಗಂಟು ಕೆಳಗಿಡಲಿಲ್ಲ.

“ಇಪ್ಪತ್ತು ಮಂದಿ ಮುಂದ ಅಂದ್ರಿ.”

“ಅಂದೆ.”

“ಇಪ್ಪತ್ತು ಮಂದಿ ಮುಂದ ಇನ್ನೊಮ್ಮೆ ಹೇಳ್ರಿ. ಹಿಂದ ಕುಂತವ್ರಿಗೆ ಕೇಳಿಲ್ಲ.”

“ತಪ್ಪಾತು! ನೀ ಕಳ್ಳಿ ಅಲ್ಲ!” ಅಡಿವೆಯ್ಯ ಕೂಗಿಯೇ ಹೇಳಿದ. ಹೊಳೆಯ ಆಚೆಗಿದ್ದ ಅಗಸರವನೂ ಬಟ್ಟೆ ಒಗೆಯುವುದನ್ನು ನಿಲ್ಲಿಸಿದ.

ಕಲ್ಲವ್ವ ಗಂಟನ್ನು ಗೋಡೆಯ ಮೊಳೆಗೆ ತೂಗುಹಾಕಿದಳು. ಒಳಗೆ ಇಡಲಿಲ್ಲ, ಕಣ್ಣಿಗೆ ಕಾಣುವ ಹಾಗೆ ಅಲ್ಲೇ ತೂಗುಹಾಕಿದಳು.

“ಅದು ಯುಗಾದಿ ತನಕಾ ಅಲ್ಲೇ ಇರಲಿ,” ಅಂದಳು. “ನೀವೂ ನೋಡಕೋತ ಇರ್ರಿ. ಈಗ ಅದನ್ನ ತಿಪ್ಪಿಗೆ ಚೆಲ್ಲಿ ಭರಣಿ ತೊಳೀರಿ. ಬಿಸಿಲಿಗೆ ಬೋರಲಾ ಹಾಕ್ರಿ. ಒಂದು ಹನಿ ಹಸಿ ಉಳದ್ರ ಮತ್ತ ಕೆಡತೈತಿ.”

ಕೊಳ್ಳಿ ಮತ್ತೆ ಮುಂದಕ್ಕೆ ಹೋಯಿತು. ಕಾದ ಎಣ್ಣೆಯಲ್ಲಿ ಸಾಸಿವೆ ಸಿಡಿದ ಸದ್ದು, ಬದನೆಕಾಯಿಗೆ ಒಂದು ಸೌಟು ಕೆಂಪು. ಎಲ್ಲರೂ ಉಂಡರು. ಒಂದೇ ಭರಣಿ ಸಾಲದೇನೋ ಎಂದು ಯಾರೂ ಕೇಳಲಿಲ್ಲ.

ಮಧ್ಯಾಹ್ನ ಅಡಿವೆಯ್ಯ ಹೊಳೆಯ ದಂಡೆಯಲ್ಲಿ ಭರಣಿ ತಿಕ್ಕುತ್ತ ಕುಳಿತಿದ್ದ. ಬೂದಿ, ತೆಂಗಿನ ನಾರು, ಮತ್ತೆ ಬೂದಿ. ಗುರುಗಳು ಬಂದು ಪಕ್ಕದ ಕಲ್ಲಿನ ಮೇಲೆ ಕುಳಿತರು. ಬೊಗಸೆಯಲ್ಲಿ ನೀರು ತೆಗೆದು ಅವನ ಕೈ ಮೇಲೆ ಸುರಿದರು.

“ಅಜ್ಜಾರ, ಒಂದು ಕೇಳತೀನ್ರಿ.”

“ಈಗ ಕೇಳಾಕ ಕಲತಿ. ಕೇಳು.”

“ಇದು ಕೆಟ್ಟದ್ದು ಯಾವತ್ತು? ಬೀಗಾ ಹಾಕಿದ ದಿನಾನ?”

“ಅಲ್ಲ.”

ಇನ್ನೊಂದು ಬೊಗಸೆ ನೀರು.

“ಕಲ್ಲವ್ವನ್ನ ಬಾಗಲದಿಂದ ಹೊಳ್ಳಿ ಕಳಿಸಿದ ದಿನಾನ?”

“ಆವತ್ತಿಗೆ ಕೆಟ್ಟಾಗಿತ್ತು.”

ಮತ್ತೊಂದು ಬೊಗಸೆ. ಭರಣಿ ಬೆಳ್ಳಗಾಗಿತ್ತು.

“ಸಾಕ್ರಿ ಅಜ್ಜಾರ. ಸ್ವಚ್ಛ ಆತು.”

ಗುರುಗಳು ಕೇಳಿಸಿಕೊಳ್ಳಲಿಲ್ಲವೇನೋ. ಎರಡೂ ಕೈ ಜೋಡಿಸಿ, ತುಂಬ, ತುಳುಕುವ ಹಾಗೆ, ಇನ್ನೊಂದು ಬೊಗಸೆ ಸುರಿದರು.

ಅಡಿವೆಯ್ಯ ತನ್ನ ಒದ್ದೆ ಕೈ ನೋಡಿದ. ಆಮೇಲೆ ಅವರ ಕೈ ನೋಡಿದ.

“ಮತ್ತ ಯಾವತ್ತರಿ?” ಅಂದ ಕೊನೆಗೆ, ಮೆಲ್ಲಗೆ.

“ತಿಪ್ಪವ್ವ ಸುಮ್ನ ಕೊಟ್ಟ ಬೊಗಸಿ ಕಾಯಿ ನೀ ನೆಲಕ್ಕ ಸುರುವಿ ನೋಡಿದ ದಿನ,” ಅಂದರು ಗುರುಗಳು. “ಪುಷ್ಯ ಶುದ್ಧ ದಶಮಿ, ಮಂಗಳವಾರ.”